ಹಸಿರು ಗುರುತಿನ ಕೆಳಗೆ

ಮಾರ್ಚ್ 3, ಸೋಮವಾರ

ನಲವತ್ತೊಂದು ಸೆಕೆಂಡು. ಇವತ್ತು ಮೀಟಿಂಗಿನಲ್ಲಿ ಈ ಅಂಕಿಯನ್ನು ಗೋಡೆಯಗಲ ತೋರಿಸಿದರು. ಕಣ್ಣಾಸ್ಪತ್ರೆಯ ಹಳೆಯ ವೆಬ್‌ಸೈಟಿನಲ್ಲಿ ಡಾಕ್ಟರನ್ನು ನೋಡಲು ಸಮಯ ಬುಕ್ ಮಾಡುವುದಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ನವೆಂಬರಿನಲ್ಲಿ ನಾನು ವಿನ್ಯಾಸ ಮಾಡಿಕೊಟ್ಟ ಹೊಸದರಲ್ಲಿ ಇಷ್ಟೇ. ಹಳೆಯದರ ಅವತಾರ ನೋಡಿದವರಿಗೇ ಗೊತ್ತು: ಹದಿನೇಳು ಬಟನ್, ಆರು ಬಣ್ಣ, ತಲೆಯ ಮೇಲೊಂದು ಓಡುವ ಸಾಲು. ಎಲ್ಲ ಗುಡಿಸಿ ಹಾಕಿ ಮೂರು ಪುಟಕ್ಕೆ ಇಳಿಸಿದೆ. ಡಾಕ್ಟರು, ದಿನ, ಹೊತ್ತು ಮೂರನ್ನೂ ಆರಿಸಿದ ಮೇಲೆ ಒಂದು ಹಸಿರು ಟಿಕ್ ಗುರುತು ಯಾರೋ ಪೆನ್ನಿನಲ್ಲಿ ಎಳೆದಂತೆ ನಿಧಾನವಾಗಿ ಮೂಡುತ್ತದೆ, ವಿವರವೆಲ್ಲ ಸರಿಯಾಗಿದೆ ಎಂದು ತಿಳಿಸಲು. ಅದರ ಕೆಳಗೆ ‘ಖಚಿತಪಡಿಸಿ’ ಎಂಬ ಬಟನ್. ಅದನ್ನೊತ್ತಿದರೆ ಬುಕಿಂಗ್ ಆಯಿತು. ಆ ಗುರುತೊಂದಕ್ಕೇ ಒಂಬತ್ತು ದಿನ ಕೂತಿದ್ದೆ.

ನಮ್ಮ ತಂಡ ನಡೆಸುವ ಮೇಡಂ ಎಲ್ಲರೆದುರು ಹೇಳಿದರು: “ಇವಳು ಪುಟ ಮಾಡೋದು ತನಗೆ ಚೆಂದ ಕಾಣ್ಲಿ ಅಂತ ಅಲ್ಲ, ಬಳಸೋರಿಗೆ ಸುಲಭ ಆಗ್ಲಿ ಅಂತ.” ನಾನು ತಲೆ ತಗ್ಗಿಸಿ ಕೂತೆ. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾದದ್ದು ಈ ಪುಸ್ತಕಕ್ಕೆ ಮಾತ್ರ ಗೊತ್ತಿರಲಿ.

ಸಂಜೆ ಮನೆಗೆ ಬಂದರೆ ಅಪ್ಪ ಮುಖ ಊದಿಸಿಕೊಂಡು ಕೂತಿದ್ದರು. ಅದೇ ಕಣ್ಣಾಸ್ಪತ್ರೆಗೆ ಹೋಗಿದ್ದರಂತೆ. ಕೌಂಟರಿನಾಕೆ “ನಿಮ್ಮ ಹೆಸರಲ್ಲಿ ಬುಕಿಂಗೇ ಇಲ್ಲ” ಎಂದು ವಾಪಸ್ ಕಳಿಸಿದಳಂತೆ. ಇದು ಮೂರನೆಯ ಸಲ. ಜನವರಿ, ಫೆಬ್ರವರಿ, ಈಗ ಮಾರ್ಚ್. ತಿಂಗಳಿಗೊಮ್ಮೆ ಕಣ್ಣಿನ ಒತ್ತಡ ನೋಡಿಸಬೇಕು. ಮೊದಲು ನಾನೇ ಬುಕ್ ಮಾಡಿಕೊಡುತ್ತಿದ್ದೆ. ಹೊಸ ವರ್ಷದಿಂದ ನೀವೇ ಮಾಡಿ ಅಂದೆ, ನನ್ನ ಪುಟ ಅಷ್ಟು ಸುಲಭ ಎಂಬ ಜಂಬಕ್ಕೆ.

“ನಾನು ಮಾಡಿದ್ದೆ,” ಅಂದರು ಅಪ್ಪ.

“ಮಾಡಿದ್ರೆ ಇರ್ಬೇಕಲ್ಲ ಅಪ್ಪಾ?”

“ಮಾಡಿದ್ದೆ ಮಗಳೇ.”

ವಾದ ಮಾಡಿ ಪ್ರಯೋಜನವಿಲ್ಲ. ಮರೆತಿದ್ದಾರೆ. ಎಪ್ಪತ್ತೊಂದಾಯಿತು.

ಮಾರ್ಚ್ 8, ಶನಿವಾರ

ಅಣ್ಣ ಬಂದಿದ್ದ. ಅಪ್ಪ ಅಂಗಡಿಗೆ ಹೋದ ಹೊತ್ತು ನೋಡಿಯೇ ಬಂದದ್ದು. ಮೂರು ಸಲದ ಕಥೆ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟು, “ಅಂಗಡಿ ಬಿಡಿಸ್ಬೇಕು,” ಅಂದ.

ಅಪ್ಪನದು ಬೀಗದ ಅಂಗಡಿ. ಎರಡು ರಸ್ತೆ ಸೇರುವ ಮೂಲೆಯಲ್ಲಿ, ಒಂದು ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು ಅಷ್ಟು ಜಾಗ. ಕೀಲಿಕೈ ನಕಲು, ಕೆಟ್ಟ ಬೀಗದ ರಿಪೇರಿ. ನಲವತ್ತಾರು ವರ್ಷದಿಂದ ಜನ ತಮ್ಮ ಮನೆಯ ಕೀಲಿಕೈ ತಂದು ಅವರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಹೋಗುತ್ತಾರೆ. ಬಂದ ಪ್ರತಿಯೊಂದಕ್ಕೂ ಅಪ್ಪ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿ, ಸಣ್ಣ ಅಕ್ಷರದಲ್ಲಿ ಯಾರದು, ಯಾವತ್ತು, ಏನು ಕೆಲಸ ಎಂದು ಬರೆಯುತ್ತಾರೆ.

“ಒಂದಿನ ಯಾರ ಮನೆ ಕೀಲಿನ ಯಾರಿಗೋ ಕೊಟ್ರೆ?” ಅಂದ ಅಣ್ಣ. “ಕಳ್ಳತನ ಆದ್ರೆ ಅಪ್ಪನ್ನೇ ಹಿಡ್ಕೊಳ್ತಾರೆ. ಆಮೇಲೆ ಮಾನ ತಗೊಂಡು ಏನ್ಮಾಡ್ತೀಯ?”

“ಇಷ್ಟು ದಿನ ಒಂದೂ ತಪ್ಪಾಗಿಲ್ಲ.”

“ಆಸ್ಪತ್ರೆ ಮೂರು ಸಲ ತಪ್ಪಿತಲ್ಲ.”

ಮರೆವಿನ ಡಾಕ್ಟರಿಗೆ ತೋರಿಸೋಣ ಅಂದೆ.

ಮಾರ್ಚ್ 12, ಬುಧವಾರ

ಡಾಕ್ಟರು ಐದು ಪದ ಹೇಳಿ, ಬೇರೆ ಮಾತಾಡಿಸಿ, ಮತ್ತೆ ಆ ಐದನ್ನು ಕೇಳಿದರು. ಅಪ್ಪ ಐದನ್ನೂ ಹೇಳಿದರು. ಗಡಿಯಾರದ ಚಿತ್ರ ಬರೆಯಿರಿ ಅಂದರೆ ಬರೆದು, ಒಳಗೆ ಸಣ್ಣ ಹಲ್ಲಿನ ಚಕ್ರವನ್ನೂ ಸೇರಿಸಿದರು. ಎದ್ದು ಬರುವಾಗ ಮೇಜಿನ ಡ್ರಾಯರು ಸಿಕ್ಕಿಕೊಂಡದ್ದನ್ನು ಕಂಡು, ಕೇಳದೇ ಸರಿಮಾಡಿಯೂ ಕೊಟ್ಟರು. ಡಾಕ್ಟರು ನಕ್ಕರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಮನೇಲಿ ಏನಾದ್ರೂ ಗಮನಿಸಿದ್ದೀರಾ?”

ನಾನು ಮೂರು ಸಲದ್ದನ್ನೂ ತಾರೀಕಿನ ಸಮೇತ ಹೇಳಿದೆ. ಮಾಡದೇ ಇದ್ದದ್ದನ್ನು ಮಾಡಿದೆ ಅಂತ ಗಟ್ಟಿಯಾಗಿ ಹೇಳ್ತಾರೆ ಅಂದೆ. ಡಾಕ್ಟರ ನಗು ನಿಂತು ಪೆನ್ನು ಓಡತೊಡಗಿತು. “ಹಾಗಿದ್ರೆ ಜವಾಬ್ದಾರಿ ಕೆಲಸ ಸ್ವಲ್ಪ ಕಡಿಮೆ ಮಾಡ್ಸಿ. ಮೂರು ತಿಂಗಳು ಬಿಟ್ಟು ನೋಡೋಣ.”

ಅಪ್ಪ ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ. ದಾರಿಯಲ್ಲಿ ಒಂದೇ ಮಾತು ಕೇಳಿದರು: “ಗಟ್ಟಿಯಾಗಿ ಹೇಳಿದ್ನಾ ನಾನು?”

ಮಾರ್ಚ್ 22, ಶನಿವಾರ

ಅಂಗಡಿ ಮುಚ್ಚಿದೆವು. ತಿಂಗಳು ತುಂಬಿದ ಮೇಲೆ ಜಾಗ ಬಿಟ್ಟುಕೊಡುವುದಾಗಿ ಅಣ್ಣ ಮಾಲೀಕರಿಗೆ ಹೇಳಿದ್ದಾನೆ. ಬಾಕಿ ಉಳಿದ ಹದಿಮೂರು ಕೀಲಿಕೈಗಳನ್ನು ಅಪ್ಪ ಮನೆ ಮನೆಗೆ ಹೋಗಿ ತಾವೇ ಕೊಟ್ಟು ಬಂದರು. ಒಂದೂ ಅದಲುಬದಲಾಗಲಿಲ್ಲ. ಅಣ್ಣ ಬೆನ್ನ ಹಿಂದೆಯೇ ಇದ್ದನಲ್ಲ, ಅದಕ್ಕೇ ಇರಬೇಕು.

ಶಟರಿಗೆ ಬೀಗ ಹಾಕಿ, ಎಳೆದು ನೋಡಿದರು. ಚಿಕ್ಕಂದಿನಿಂದ ನನಗೆ ಹೇಳಿಕೊಟ್ಟದ್ದು ಅದೇ: ಕಿವಿಯನ್ನು ನಂಬಬೇಡ, ಎಳೆದು ನೋಡು. ಇವತ್ತು ಎರಡನೆಯ ಸಲವೂ ಎಳೆದರು. ಮೊದಲು ಎಳೆದದ್ದೇ ಮರೆತಿರಬೇಕು. ಅಣ್ಣನಿಗೆ ಕಣ್ಸನ್ನೆ ಮಾಡಿದೆ. ಅವನೂ ನೋಡಿದ್ದ.

ಕೀಲಿಕೈ ಅಣ್ಣನ ಕೈಗೆ ಕೊಟ್ಟರು.

ಮಾರ್ಚ್ 26, ಬುಧವಾರ

ಅಪ್ಪ ಕಿಟಕಿಯ ಹತ್ತಿರ ಕೂರುತ್ತಾರೆ. “ಟೀ ಕುಡಿದ್ನಾ ನಾನು?” ಎಂದು ಕೇಳುತ್ತಾರೆ. ಲೋಟ ಎದುರಿಗೇ ಇರುತ್ತದೆ.

ನೋಡು, ನಾವು ಅಂದುಕೊಂಡಂತೆಯೇ ಆಗುತ್ತಿದೆ.

ಏಪ್ರಿಲ್ 1, ಮಂಗಳವಾರ

ಅಕ್ಷರ ನೋಡಿದರೆ ಯಾರದೋ ಅನ್ನಿಸುತ್ತದೆ. ಆದರೂ ಆದದ್ದನ್ನು ಆದ ಹಾಗೇ ಬರೆಯಬೇಕು.

ಬೆಳಿಗ್ಗೆ ಕತ್ತರಿ ಸಿಗದೆ ಅಪ್ಪನ ಸಾಮಾನಿನ ಪೆಟ್ಟಿಗೆ ತೆಗೆದೆ. ಕೀಲಿ ಉಜ್ಜುವ ಅರಗಳ ಕೆಳಗೆ ರಟ್ಟಿನ ಚೀಟಿಗಳ ಒಂದು ಗೊಂಚಲು. ಅಂಗಡಿಯವಲ್ಲ. “ಹಾಲು ತಂದೆ.” “ಗ್ಯಾಸ್ ಆಫ್ ಮಾಡಿದೆ, ನೋಡಿದೆ.” “ಮಗಳಿಗೆ ಫೋನ್ ಮಾಡಿದೆ, ಬ್ಯುಸಿ.” ಹೀಗೆ ನೂರಾರು. ತಮ್ಮ ತಲೆಯ ಮೇಲೆ ತಾವೇ ಕಾವಲು ಕೂತಿದ್ದಾರೆ.

ಅದರಲ್ಲಿ ಮೂರು ಚೀಟಿ ಬೇರೆಯಾಗಿ ಒಂದೇ ದಾರದಲ್ಲಿದ್ದವು. “ಜನವರಿ 20. ಕಣ್ಣು ಬುಕ್ ಮಾಡಿದೆ. 10.40ಕ್ಕೆ. ಹಸಿರು ಗುರುತು ಬಂತು.” ಫೆಬ್ರವರಿಯದರಲ್ಲೂ ಅದೇ, ಹಸಿರು ಗುರುತು ಬಂತು. ಮಾರ್ಚಿನದರಲ್ಲಿ ಆ ಮಾತಿನ ಕೆಳಗೆ ಎರಡು ಗೆರೆ: “ಹಸಿರು ಗುರುತು ಬಂತು. ನಾನೇ ನೋಡಿದೆ.”

ಮೊದಲು ಹೊಳೆಯಲಿಲ್ಲ. ಬುಕ್ ಮಾಡದವರಿಗೆ ಹಸಿರು ಗುರುತು ಎಲ್ಲಿಂದ ಕಾಣಬೇಕು, ಕನಸಿನಲ್ಲಾ ಅಂದುಕೊಂಡೆ. ಆಮೇಲೆ ನೆನಪಾಯಿತು, ಆ ಗುರುತು ಬರುವುದೇ ಬುಕ್ ಆಗುವುದಕ್ಕೆ ಮೊದಲು. ಹಾಗೆ ಇಟ್ಟವಳು ನಾನು.

ಅಪ್ಪನ ಪಕ್ಕ ಕೂತು, “ನನ್ನೆದುರಿಗೆ ಒಂದ್ಸಲ ಬುಕ್ ಮಾಡಿ ತೋರಿಸಿ,” ಅಂದೆ.

“ಮತ್ತೆ ಪರೀಕ್ಷೆನಾ?” ಅಂದರು. ಮಾಡಿದರು. ಡಾಕ್ಟರು, ದಿನ, ಹೊತ್ತು, ಒಂದೊಂದೇ ಬೆರಳಲ್ಲಿ, ಎಲ್ಲ ಸರಿಯಾಗಿ. ಗುರುತು ಮೂಡಿತು. ಅಪ್ಪ ಅದು ಪೂರ್ತಿ ಮೂಡುವ ತನಕ ಕಾದು, ಫೋನನ್ನು ಮೇಜಿನ ಮೇಲೆ ಕವುಚಿಟ್ಟರು.

“ಆಯ್ತು,” ಅಂದರು.

ನಾನು ಫೋನ್ ತಿರುಗಿಸಿ ನೋಡಿದೆ. ಪರದೆಯ ತುಂಬ ನನ್ನ ಹಸಿರು ಗುರುತು, ಅದರಡಿಯಲ್ಲಿ ‘ವಿವರ ಸರಿಯಾಗಿದೆ’ ಎಂಬ ದಪ್ಪ ಸಾಲು. ಅಷ್ಟೇ. ಬಟನ್ ಇಲ್ಲ. ಹೋದ ವರ್ಷ ಕಣ್ಣಿಗೆ ಕಷ್ಟವೆಂದು ಅಪ್ಪನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟವಳೂ ನಾನೇ. ಆ ದೊಡ್ಡ ಅಕ್ಷರಕ್ಕೆ ಬಟನ್ ಪರದೆಯಿಂದ ಕೆಳಗೆ ಬಿದ್ದುಹೋಗಿದೆ. ಕೆಳಗೆ ಇನ್ನೂ ಇದೆ ಎಂದು ತಿಳಿಸುವ ಸಣ್ಣ ಬಾಣವೊಂದಿತ್ತು. ನೋಡಲು ಗಲೀಜು ಎಂದು ಅದನ್ನು ತೆಗೆಸಿದ್ದೂ ನಾನೇ. ಬುಕ್ ಆದ ಮೇಲೆ ಮೆಸೇಜು ಬರುತ್ತದಲ್ಲ, ಬಾರದಿದ್ದರೆ ಸಂಶಯ ಬರಬಾರದಿತ್ತೇ ಅಂದುಕೊಂಡೆ. ಗೊತ್ತಿಲ್ಲದ ಮೆಸೇಜು ತೆಗೆಯಲೇಬೇಡಿ, ಮೋಸ ಮಾಡ್ತಾರೆ ಎಂದು ದಿನಾ ಬೈದವಳು ಯಾರು?

“ಏನಾಯ್ತು?” ಅಂದರು ಅಪ್ಪ. “ತಪ್ಪು ಮಾಡಿದ್ನಾ?”

ಇಲ್ಲ ಎಂದು ತಲೆಯಾಡಿಸಿ ಎದ್ದು ಬಂದುಬಿಟ್ಟೆ. ಹೇಳಬೇಕಿತ್ತು. ಆಫೀಸಿನಲ್ಲಿ ಒಮ್ಮೆ ಖಾತ್ರಿ ಮಾಡಿಕೊಂಡು ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಏಪ್ರಿಲ್ 2, ಬುಧವಾರ

ನಮ್ಮಲ್ಲಿ ಅಂಕಿಅಂಶ ನೋಡುವವನಿಗೆ ತಕ್ಕಡಿ ಎಂದು ಹೆಸರು. ಏನು ಕೇಳಿದರೂ ತೂಗಿ ಹೇಳುತ್ತಾನೆ. ಹಸಿರು ಗುರುತಿನ ತನಕ ಬಂದು ಬಟನ್ ಒತ್ತದೇ ಹೋದವರು ಎಷ್ಟು ಎಂದು ಕೇಳಿದೆ.

“ನೂರಕ್ಕೆ ಹನ್ನೊಂದು. ವರದೀಲಿ ಇದೆಯಲ್ಲ, ಮನಸ್ಸು ಬದಲಿಸಿದವರು ಅಂತ.”

“ಅವರು ಮನಸ್ಸು ಬದಲಿಸಿದ್ರು ಅಂತ ನಿಂಗೆ ಯಾರು ಹೇಳಿದ್ದು?”

“ನೀನೇ. ಹೆಸರಿಟ್ಟಿದ್ದು ನೀನು.”

ಹೌದು. ಇಟ್ಟದ್ದು ನಾನೇ. ಅಕ್ಷರ ದೊಡ್ಡದು ಮಾಡಿಕೊಂಡವರನ್ನು ಬೇರೆ ಮಾಡಿ ನೋಡು ಅಂದೆ. ಅವನು ನೋಡಿದ, ಮತ್ತೊಮ್ಮೆ ನೋಡಿದ, ಕುರ್ಚಿ ಹಿಂದಕ್ಕೆ ಸರಿಸಿದ. ಅಂಥವರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ನಿಂತಿದ್ದರು. ನವೆಂಬರಿನಿಂದ ಈಚೆಗೆ ಆರುನೂರ ಹನ್ನೆರಡು ಫೋನುಗಳು. ನಲವತ್ತೊಂದು ಸೆಕೆಂಡಿನ ಲೆಕ್ಕದಲ್ಲಿ ಇವರ್‍ಯಾರೂ ಇರಲಿಲ್ಲ. ಅದು ಬಟನ್ ಒತ್ತಿದವರ ಲೆಕ್ಕ.

ಹೊರಡುವಾಗ ಮೇಜಿನ ಡ್ರಾಯರು ಎಳೆದು ನೋಡಿ ಬಂದೆ.

ಏಪ್ರಿಲ್ 3, ಗುರುವಾರ

ನಿನ್ನೆಯದೇ ಸಾಕಿತ್ತು.

ಪುಟ ಹೊರಗೆ ಬಿಡುವ ಮೊದಲು ಅಕ್ಟೋಬರಿನಲ್ಲಿ ಐದು ಜನರನ್ನು ಕೂರಿಸಿ ಪರೀಕ್ಷೆ ಮಾಡಿದ್ದೆವು. ಆಗ ನಮ್ಮದೊಂದು ನಿಯಮ: ಪಕ್ಕದಲ್ಲಿ ಕೂತವರು ಬಾಯಿ ಬಿಡಬಾರದು, ಕೈ ಆಡಿಸಬಾರದು, ಬಳಸುವವರು ಏನು ಮಾಡುತ್ತಾರೋ ಸುಮ್ಮನೆ ನೋಡಬೇಕು. ಹೊಸಬರಿಗೆ ಆ ಪಾಠ ಹೇಳಿಕೊಡುವವಳೇ ನಾನು. ಅದರ ವೀಡಿಯೊ ಇವತ್ತು ತೆಗೆಸಿ ನೋಡಿದೆ.

ಮೂರನೆಯವರು ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವಾಕೆ. ಆಫೀಸಿನ ಫೋನು, ಸಣ್ಣ ಅಕ್ಷರ, ಬಟನ್ ಕಣ್ಣೆದುರೇ ಇದೆ. ಹಸಿರು ಗುರುತು ಮೂಡಿತು. ಆಕೆ ಬೆರಳೆತ್ತಿ, ತಲೆಯೆತ್ತಿ, ನನ್ನ ಮುಖ ಇರುವ ಕಡೆ ನೋಡಿ “ಆಯ್ತಾ?” ಎಂದು ಕೇಳುತ್ತಾರೆ.

ಚಿತ್ರದ ಅಂಚಿನಿಂದ ಒಂದು ನೀಲಿ ಪೆನ್ನು ಬರುತ್ತದೆ. ಬಟನ್ನಿನ ಮೇಲೆ ಒಂದು ಕ್ಷಣ ನಿಂತು, ಹಿಂದೆ ಹೋಗುತ್ತದೆ. ಆಕೆ ಬಟನ್ ಒತ್ತುತ್ತಾರೆ.

ಪೆನ್ನು ನನ್ನದು. ಈಗ ಬರೆಯುತ್ತಿರುವುದೂ ಅದರಲ್ಲೇ.

ಏಳು ಸಲ ನೋಡಿದೆ. ತೋರಿಸಿದ ನೆನಪು ನನಗೆ ಎಳ್ಳಷ್ಟೂ ಇಲ್ಲ. ತೋರಿಸಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ, ಗಟ್ಟಿಯಾಗಿ ಹೇಳುತ್ತಿದ್ದೆ. ಅವತ್ತಿನ ನನ್ನ ಟಿಪ್ಪಣಿಯಲ್ಲಿ ಆಕೆಯ ಹೆಸರಿನ ಮುಂದೆ “ಸರಾಗವಾಗಿ ಮುಗಿಸಿದರು” ಎಂದಿದೆ.

ಏಪ್ರಿಲ್ 4, ಶುಕ್ರವಾರ

ಸರಿ ಮಾಡಲು ಅರ್ಧ ಗಂಟೆ ಹಿಡಿಯಿತು. ಬಟನ್ ಮೇಲೆ ಬಂತು, ಹಸಿರು ಗುರುತು ಬುಕ್ ಆದ ಮೇಲೆಯೇ ಮೂಡುತ್ತದೆ. ಅರ್ಧ ಗಂಟೆ.

ಮೇಡಂ ಹೇಳಿದರು: “ಸರಿ ಆಯ್ತಲ್ಲ, ಸುಮ್ಮನಿದ್ದುಬಿಡು. ಊರಿಗೆಲ್ಲ ಡಂಗುರ ಹೊಡೀಬೇಕಾ?”

ಸಂಜೆ ಅಪ್ಪನಿಗೆ ಹೇಳಿದೆ. ಚೀಟಿಗಳನ್ನು ಮೇಜಿನ ಮೇಲಿಟ್ಟು, ಎಲ್ಲ ಹೇಳಿದೆ. ಪೆನ್ನಿನದನ್ನೂ.

“ಮೂರು ಸಲವೂ?” ಅಂದರು.

“ಮೂರು ಸಲವೂ. ನೀವು ಮರೆತಿರಲಿಲ್ಲ ಅಪ್ಪಾ.”

“ಡಾಕ್ಟರ ಹತ್ರ ನೀನು ಹೇಳಿದ್ದು?”

“ಅದು ತಪ್ಪು. ನಾನೇ ಹೋಗಿ ಹೇಳ್ತೀನಿ.”

ಚೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಬೀಗ ಬೀಳದೇನೇ ಟಕ್ ಅನ್ನೋ ಬೀಗ ಮಾಡಿದ್ದೀಯ,” ಅಂದರು. ಆಮೇಲೆ, “ನನ್ನ ಥರ ಎಷ್ಟು ಜನ?”

“ಆರುನೂರ ಹನ್ನೆರಡು.”

“ಅವರ ಮಕ್ಕಳಿಗೆ ಹೇಳಿದ್ಯಾ?”

ಏಪ್ರಿಲ್ 5, ಶನಿವಾರ

ಕಣ್ಣಾಸ್ಪತ್ರೆಗೆ ಹೋಗಿ ಹಾಲಿನ ಕೊನೆಯ ಬೆಂಚಿನಲ್ಲಿ ಕೂತೆ. ಪೆನ್ನು ಮನೆಯಲ್ಲೇ ಬಿಟ್ಟಿದ್ದೆ. ಇಷ್ಟು ತಿಂಗಳಲ್ಲಿ ನಾನು ಇಲ್ಲಿಗೆ ಬಂದದ್ದು ಇದೇ ಮೊದಲು. ಸೀಲಿಂಗಿನ ದೀಪ ಸೀದಾ ಫೋನಿನ ಮೇಲೆ ಬೀಳುತ್ತದೆ. ಅರ್ಧ ಜನಕ್ಕೆ ಕಣ್ಣಿಗೆ ಮದ್ದು ಹಾಕಿರುತ್ತಾರೆ. ಕಣ್ಣು ಕಾಣದವರಿಗಾಗಿ ಪುಟ ಮಾಡಿ, ಬಣ್ಣ ಚೆನ್ನಾಗಿದೆಯೇ ಎಂದು ಕಣ್ಣು ಚೆನ್ನಾಗಿರುವವರನ್ನು ಕೇಳಿದ್ದೆ.

ಹತ್ತೂವರೆಗೆ ಒಬ್ಬ ಅಜ್ಜಿ, ಜೊತೆಗೆ ಮಗಳು. ಮಗಳ ಕುತ್ತಿಗೆಯಲ್ಲಿ ಯಾವುದೋ ಆಫೀಸಿನ ಗುರುತಿನ ಚೀಟಿ. ರಜೆ ಹಾಕಿ ಬಂದಿರಬೇಕು. ಕೌಂಟರಿನಾಕೆ ಪರದೆ ನೋಡಿ, “ಇವರ ಹೆಸರಲ್ಲಿ ಬುಕಿಂಗೇ ಇಲ್ಲ,” ಅಂದಳು.

“ಹಸಿರು ಬಂತಲ್ಲೇ, ಹೋದ ವಾರ,” ಅಂದರು ಅಜ್ಜಿ.

“ಅಮ್ಮಾ, ನಿನಗೆ ಹೇಳಿ ಹೇಳಿ ನನಗೆ ಸಾಕಾಯ್ತು. ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತ ಒಪ್ಕೊಳಕ್ಕೆ ಏನು?”

ಅದು ನನ್ನ ದನಿ. ಒಂದಕ್ಷರ ಬಿಡದೆ ನನ್ನದೇ. ಅಜ್ಜಿ ತಮ್ಮ ಚೀಲದ ಜಿಪ್ಪು ತೆಗೆದು ಹಾಕಿ, ತೆಗೆದು ಹಾಕಿ ಮಾಡತೊಡಗಿದರು.

ಎದ್ದು ಹೋದೆ. ಆ ಪುಟ ಮಾಡಿದ್ದು ನಾನು, ನಿಮ್ಮಮ್ಮ ಮಾಡಿದ್ದು ಸರಿಯಿತ್ತು, ನನ್ನದು ತಪ್ಪು ಅಂದೆ. ಮಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇದನ್ನ ನೀವು ಈಗ ಹೇಳ್ತಿದ್ದೀರಾ?” ಅಂದಳು. “ಹೋದ ತಿಂಗಳಿಂದ ಅಮ್ಮನ್ನ ಅಡುಗೆ ಒಲೆ ಹತ್ರ ಬಿಡ್ತಿಲ್ಲ ನಾವು.”

ಕೌಂಟರಿನಾಕೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೇಳುತ್ತಿದ್ದಳು. “ದಿನಾ ಇಬ್ರು ಮೂವರನ್ನ ಬೈದು ಕಳಿಸಿದ್ದೀನಿ ನಾನು,” ಅಂದಳು. ಆಮೇಲೆ ‘ಕೌಂಟರ್ ಮುಚ್ಚಿದೆ’ ಎಂಬ ಬೋರ್ಡು ಅಡ್ಡ ಇಟ್ಟು ಒಳಗೆ ಹೋದಳು. ತಿರುಗಿ ಬಂದಾಗ ಅವಳ ಜೊತೆ ಆಡಳಿತದ ಅಧಿಕಾರಿ ಇದ್ದರು.

ಏಪ್ರಿಲ್ 6, ಭಾನುವಾರ

ಅಣ್ಣನಿಗೆ ಹೇಳಿದೆ. ಅವನು ಜೇಬಿನಿಂದ ಅಂಗಡಿಯ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು, ಮಾಲೀಕರ ಮನೆಗೆ ನಡೆದ. ಜಾಗ ಇನ್ನೂ ಯಾರಿಗೂ ಹೋಗಿಲ್ಲವಂತೆ.

ಏಪ್ರಿಲ್ 8, ಮಂಗಳವಾರ

ಆ ಕೆಲಸದಿಂದ ನನ್ನನ್ನು ತೆಗೆದರು. ಮೇಡಂ ನನ್ನ ಮುಖ ನೋಡಲಿಲ್ಲ. ತೆಗೆಯಲಿ. ಆಸ್ಪತ್ರೆಯವರು ಎಲ್ಲ ಫೋನುಗಳಿಗೂ ಸಂದೇಶ ಕಳಿಸಲು ಒಪ್ಪಿದ್ದಾರೆ. ಒಕ್ಕಣೆ ನಾನು ಬರೆದೆ. ಅದೊಂದನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಮೊದಲು ಬರೆದದ್ದರಲ್ಲಿ ‘ತಾಂತ್ರಿಕ ಕಾರಣಗಳಿಂದ’ ಎಂದಿತ್ತು. ಅಪ್ಪನಿಗೆ ಓದಲು ಕೊಟ್ಟು, ಎರಡು ಕೈಯನ್ನೂ ತೊಡೆಯ ಕೆಳಗಿಟ್ಟು ಕೂತೆ. ಅಪ್ಪ ಓದಿ, “ಇದರಲ್ಲಿ ತಪ್ಪು ಯಾರದು ಅಂತ ಗೊತ್ತಾಗಲ್ಲ,” ಅಂದರು. ಹರಿದು ಮತ್ತೆ ಬರೆದೆ:

“ನೀವು ನಮ್ಮ ವೆಬ್‌ಸೈಟಿನಲ್ಲಿ ಸಮಯ ಬುಕ್ ಮಾಡಲು ಬಂದಿದ್ದಿರಿ. ಪುಟ ತಪ್ಪಾಗಿತ್ತು, ಅದಕ್ಕೆ ಬುಕ್ ಆಗಲಿಲ್ಲ. ನೀವು ಮರೆತಿರಲಿಲ್ಲ. ದಯವಿಟ್ಟು ಇದನ್ನು ಮನೆಯವರಿಗೂ ತೋರಿಸಿ. ಬುಕಿಂಗ್ ಇಲ್ಲದೆಯೂ ಮುಂದಿನ ವಾರ ಬನ್ನಿ, ಕೌಂಟರಿನಲ್ಲಿ ಕಾಯಿಸುವುದಿಲ್ಲ.”

ಏಪ್ರಿಲ್ 11, ಶುಕ್ರವಾರ

ಅಂಗಡಿ ತೆರೆದು ಇವತ್ತಿಗೆ ಮೂರು ದಿನ. ನಾನು ಅರ್ಧ ದಿನ ರಜೆ ಹಾಕಿ ಅಲ್ಲೇ ನಿಂತಿದ್ದೆ, ಕೂರಲು ಜಾಗವಿಲ್ಲವಲ್ಲ. ನಾಲ್ಕು ಗಂಟೆಗೆ ಅಪ್ಪನ ಫೋನು ಸದ್ದು ಮಾಡಿತು. ಅಪ್ಪ ಅರ ಕೆಳಗಿಟ್ಟು, ಕನ್ನಡಕ ಏರಿಸಿ, ಸಂದೇಶ ಓದಿದರು. ಆಮೇಲೆ ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ಎಳೆದರು.

“ಕೆಳಗೆ ಇನ್ನೇನೂ ಇಲ್ಲ ತಾನೆ?”

“ಇಲ್ಲ ಅಪ್ಪಾ. ಅಷ್ಟೇ.”

ಒಬ್ಬರು ಎರಡು ಕೀಲಿಕೈ ಕೊಟ್ಟು ಹೋದರು, ಒಬ್ಬರು ಬೀಗ ತಂದರು. ಚೀಟಿ ಕಟ್ಟಿದರು, ಬರೆದರು. ಎಲ್ಲ ಮೊದಲಿನಂತೆಯೇ ಇದೆ ಅಂದುಕೊಂಡೆ. ಮುಗಿಯಿತು, ಸರಿಹೋಯಿತು ಎಂದು ಎದೆ ಹಗುರವಾಗಿತ್ತು.

ಆರು ಗಂಟೆಗೆ ಶಟರ್ ಎಳೆದು ಬೀಗ ಹಾಕಿದರು. ಟಕ್ ಅಂದಿತು. ಎಳೆದು ನೋಡಿದರು. ಬೀಗ ಹಿಡಿದಿತ್ತು. ಮತ್ತೊಮ್ಮೆ ಎಳೆದರು. ಕೈ ಬಿಡಲಿಲ್ಲ. ತಿರುಗಿ ನನ್ನ ಮುಖ ನೋಡಿದರು, ಆ ಮೆಟ್ಟಿಲು ಗುಡಿಸುವಾಕೆ ನೋಡಿದ ಹಾಗೇ.

“ಆಯ್ತಾ?” ಎಂದು ಕೇಳಿದರು.

ನಲವತ್ತಾರು ವರ್ಷ ಬೀಗ ಹಾಕಿದ ಮನುಷ್ಯ. ಪುಟ ಸರಿ ಮಾಡಲು ಅರ್ಧ ಗಂಟೆ ಸಾಕಾಗಿತ್ತು. ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಕೆ ಮರಳಲು ಎಷ್ಟು ಬೇಕೋ.

“ನೀವೇ ಹೇಳಿ ಅಪ್ಪಾ,” ಅಂದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ದಾರಿಯಲ್ಲಿ ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಅಪ್ಪ ಬೀಗದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಎಷ್ಟು ಸೆಕೆಂಡಾಯಿತೋ ನಾನು ಎಣಿಸಲಿಲ್ಲ. ನಾಳೆಯೂ ಬಂದು ನಿಲ್ಲುತ್ತೇನೆ.